ತಂತಿ ಗುಮಾಸ್ತ ಎಮಿಲ್ ಬೋದೋ



ಒಂದು ದಿನ ಹತ್ತನೆಯ ತರಗತಿಯ ಹುಡುಗನೊಬ್ಬನು ಕಂಪ್ಯೂಟರಿಗೆ ಸಂಬಂಧಿಸಿದ ಹಳೆಯ ಪುಸ್ತಕವೊಂದನ್ನು ಹಿಡಿದುಕೊಂಡು ನನ್ನ ಬಳಿಗೆ ಬಂದನು. ಅದರ ಒಂದು ಪುಟದಲ್ಲಿ ಮೋಡೆಮ್ ಎಂಬ ಯಂತ್ರದ ವೇಗ 9600 ಬಾಡ್ ಎಂದು ಅಚ್ಚಾಗಿತ್ತು. ಇನ್ನೊಂದು ಪುಟದಲ್ಲಿ ಅದೇ ಯಂತ್ರದ ವೇಗ ಸೆಕೆಂಡಿಗೆ 9600 ಬಿಟ್ ಎಂದಿತ್ತು. ಹಾಗಾದರೆ ಬಾಡ್ ಮತ್ತು ಬಿಟ್ ಎರಡೂ ಒಂದೇ ಏನು ಎಂಬುದು ಅವನ ಸಂದೇಹ. ಇದನ್ನು ಕನ್ನಡ ಪಾಠ ಹೇಳುವವನ ಬಳಿಗೆ ತಂದುದೇಕೆಂದು ಕೇಳಿದೆ. ಹೂವು ಬಾಡುವುದಕ್ಕೂ ಈ ಬಾಡ್ ಎಂಬುದಕ್ಕೂ ಏನಾದರೂ ನಂಟಿದೆಯೋ ಎಂದು ತಿಳಿಯಲು ಬಂದೆನೆಂದನು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆದರೆ ನಿಜ ಹೇಳಬೇಕೆಂದರೆ, ಅಂದು ನನಗೂ ಉತ್ತರ ಗೊತ್ತಿರಲಿಲ್ಲ.

ವಿಜ್ಞಾನದ ಗುರುಗಳನ್ನು ಕೇಳಿ, ಪುಸ್ತಕಗಳನ್ನು ತಿರುವಿ ನೋಡಿದಾಗ ತಿಳಿಯಿತು: ಬಾಡ್ ಎಂಬುದು ಕನ್ನಡದ ಪದವೂ ಅಲ್ಲ, ಇಂಗ್ಲಿಷಿನ ಪದವೂ ಅಲ್ಲ. ಅದು ಒಬ್ಬ ಮನುಷ್ಯನ ಹೆಸರಿನ ಮೊದಲ ಭಾಗ. ಆತ ಫ್ರಾನ್ಸ್ ದೇಶದ ಒಬ್ಬ ತಂತಿ ಗುಮಾಸ್ತ. ರೈತನ ಮಗ. ಹಳ್ಳಿಯ ಪ್ರಾಥಮಿಕ ಶಾಲೆಯನ್ನು ಬಿಟ್ಟರೆ ಬೇರೆ ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಂಥವನ ಹೆಸರು ಇಂದು ಜಗತ್ತಿನ ಎಲ್ಲ ಎಂಜಿನಿಯರುಗಳ ಪುಸ್ತಕಗಳಲ್ಲಿದೆ. ಆದರೆ ಆ ಹೆಸರನ್ನು ಹೇಳುವವರಲ್ಲಿ ಬಹುಮಂದಿ ಅದನ್ನು ತಪ್ಪಾಗಿ ಬಳಸುತ್ತಾರೆ. ಆ ತಪ್ಪು ಯಾವುದೆಂದು ತಿಳಿಯಬೇಕಾದರೆ ಆತನು ಮಾಡಿದ ಕೆಲಸವನ್ನು ತಿಳಿಯಬೇಕು. ಆದ್ದರಿಂದ ಈ ವರ್ಷದ ಸಂಚಿಕೆಗೆ ಆತನ ಜೀವನವನ್ನೇ ಬರೆಯುವುದೆಂದು ಮನಸ್ಸು ಮಾಡಿದೆನು.

ಎಮಿಲ್ ಬೋದೋ 1845ನೆಯ ಇಸವಿ ಸೆಪ್ಟೆಂಬರ್ 11ರಂದು ಫ್ರಾನ್ಸಿನ ಪೂರ್ವಭಾಗದಲ್ಲಿರುವ ಮಾನ್ಯೋ ಎಂಬ ಸಣ್ಣ ಹಳ್ಳಿಯಲ್ಲಿ ಜನಿಸಿದನು. ತಂದೆ ಬೇಸಾಯಗಾರ. ಊರಿನ ಪ್ರಾಥಮಿಕ ಶಾಲೆಯಲ್ಲಿ ಓದು ಬರಹ ಲೆಕ್ಕ ಕಲಿತ ಬಳಿಕ ಬೋದೋ ತಂದೆಯ ಹೊಲದಲ್ಲಿ ದುಡಿಯತೊಡಗಿದನು. ಇಪ್ಪತ್ತು ದಾಟುವವರೆಗೂ ಮಣ್ಣಿನ ಕೆಲಸವೇ. ನಮ್ಮ ಭಾಗದಲ್ಲಿಯೂ ಇಂತಹ ಹುಡುಗರು ಎಷ್ಟೋ ಮಂದಿ ಇದ್ದಾರೆ. ಏಳನೆಯ ತರಗತಿಗೆ ಪುಸ್ತಕ ಕಟ್ಟಿಟ್ಟು ಹತ್ತಿ ಬಿಡಿಸಲು ಹೋದವರ ಹೆಸರುಗಳು ನಮ್ಮ ಹಾಜರಿ ಪುಸ್ತಕಗಳಲ್ಲಿ ಇಂದಿಗೂ ಉಳಿದಿವೆ.

1869ರಲ್ಲಿ ಬೋದೋ ಫ್ರಾನ್ಸಿನ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಕಲಿಕೆಯ ಗುಮಾಸ್ತನಾಗಿ ಸೇರಿದನು. ಆಗ ಆತನಿಗೆ ವಯಸ್ಸು ಇಪ್ಪತ್ತನಾಲ್ಕರ ಸುಮಾರು. ಇಲಾಖೆಯವರು ಮೊದಲು ಮೋರ್ಸ್ ಯಂತ್ರವನ್ನು ಕಲಿಸಿದರು. ಬಳಿಕ ಹ್ಯೂಸ್ ಎಂಬಾತನು ಕಂಡುಹಿಡಿದಿದ್ದ, ಅಕ್ಷರಗಳನ್ನೇ ನೇರವಾಗಿ ಕಾಗದದ ಮೇಲೆ ಅಚ್ಚು ಮಾಡುವ ತಂತಿ ಯಂತ್ರದ ಬಗ್ಗೆ ನಾಲ್ಕು ತಿಂಗಳ ತರಬೇತಿಗೆ ಕಳುಹಿಸಿದರು. ಆ ನಾಲ್ಕು ತಿಂಗಳೇ ಆತನ ಕಾಲೇಜು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಾಕ್ಕೂ ಯುದ್ಧವಾಯಿತು. ಬೋದೋ ಸ್ವಲ್ಪ ಕಾಲ ಅದರಲ್ಲಿ ಸೇವೆ ಸಲ್ಲಿಸಿ, 1872ರಲ್ಲಿ ಪ್ಯಾರಿಸ್ಸಿನ ತಂತಿ ಕಚೇರಿಗೆ ಮರಳಿದನು.

ತಂತಿ ಎಂದರೆ ಏನೆಂದು ಇಂದಿನ ಮಕ್ಕಳಿಗೆ ಹೇಳಿಯೇ ತಿಳಿಸಬೇಕಾಗಿದೆ. ನಮ್ಮ ದೇಶದಲ್ಲಿ ತಂತಿ ಸೇವೆಯು 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ನಾನು ಚಿಕ್ಕವನಾಗಿದ್ದಾಗ ಓಣಿಯಲ್ಲಿ ತಂತಿ ಬಂತೆಂಬ ಮಾತು ಕೇಳಿದರೆ ಸಾಕು, ಹೆಂಗಸರು ಒಲೆಯ ಮೇಲಿನ ರೊಟ್ಟಿಯನ್ನು ಬಿಟ್ಟು ಹೊರಗೆ ಬರುತ್ತಿದ್ದರು. ಸಾವು ಅಥವಾ ಕಾಯಿಲೆಯ ಸುದ್ದಿಯಲ್ಲದೆ ಬಡವರ ಮನೆಗೆ ತಂತಿ ಬರುತ್ತಿದ್ದುದೇ ಅಪರೂಪ. ಪದಕ್ಕೆ ಇಷ್ಟು ಎಂದು ಹಣ. ಆದ್ದರಿಂದ ಮೂರು ನಾಲ್ಕು ಪದಗಳಲ್ಲಿಯೇ ಎಲ್ಲವನ್ನೂ ಹೇಳಬೇಕು. ನಮ್ಮ ಊರಿನ ಹೆಸರು, ಮನೆತನದ ಹೆಸರು ಎಲ್ಲವೂ ಇಂಗ್ಲಿಷ್ ಅಕ್ಷರಗಳಲ್ಲಿ ಬಂದಿರುತ್ತಿದ್ದವು. ಓದಿ ಹೇಳಲು ಶಾಲೆಯ ಮೇಷ್ಟ್ರನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಬೋದೋವಿನ ಕಾಲದಲ್ಲಿ ಪ್ಯಾರಿಸ್ ನಗರದ ತಂತಿ ಕಚೇರಿಗಳಲ್ಲಿ ಸಂದೇಶಗಳ ರಾಶಿ ಬೀಳುತ್ತಿತ್ತು. ಮೋರ್ಸ್ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೆ ಚುಕ್ಕೆ ಗೆರೆಗಳ ಒಂದೊಂದು ಜೋಡಣೆ ಇರುತ್ತದೆ. ಒಂದು ಅಕ್ಷರ ಬಹಳ ಗಿಡ್ಡ, ಇನ್ನೊಂದು ಬಹಳ ಉದ್ದ. ನುರಿತ ಗುಮಾಸ್ತನೂ ಕೈಯಿಂದ ನಿಮಿಷಕ್ಕೆ 20ರಿಂದ 25 ಪದಗಳನ್ನು ಮಾತ್ರ ಕಳುಹಿಸಬಲ್ಲನು. ಅಷ್ಟು ಹೊತ್ತೂ ಆ ತಂತಿ ಅವನೊಬ್ಬನ ಪಾಲಿಗೇ. ಹ್ಯೂಸ್ ಯಂತ್ರ ಇದಕ್ಕಿಂತ ಚುರುಕು. ಆದರೆ ಅದರಲ್ಲಿ ಒಂದು ಅಕ್ಷರಕ್ಕೂ ಮುಂದಿನ ಅಕ್ಷರಕ್ಕೂ ನಡುವೆ ತಂತಿ ಸುಮ್ಮನೆ ಬಿದ್ದಿರುತ್ತಿತ್ತು. ನೂರಾರು ಮೈಲಿ ಉದ್ದಕ್ಕೆ ಕಂಬ ನೆಟ್ಟು ತಂತಿ ಎಳೆಯುವುದು ಬಹಳ ಖರ್ಚಿನ ಕೆಲಸ. ಅಷ್ಟು ಖರ್ಚು ಮಾಡಿ ಎಳೆದ ತಂತಿ ಬಹುಕಾಲ ಖಾಲಿ ಇರುವುದನ್ನು ಕಂಡ ಬೋದೋವಿನ ಮನಸ್ಸು ಅಲ್ಲಿಯೇ ನಿಂತಿತು. ಇಲಾಖೆಯವರು ಆತನ ಪ್ರಯತ್ನಕ್ಕೆ ಉತ್ತೇಜನ ಕೊಟ್ಟರು, ಆದರೆ ಸ್ವಂತ ವೇಳೆಯಲ್ಲಿ ಮಾಡಿಕೊಳ್ಳಬೇಕೆಂದರು. ಹಗಲು ಕಚೇರಿಯ ಕೆಲಸ, ಉಳಿದ ವೇಳೆಯಲ್ಲಿ ಯಂತ್ರದ ಕೆಲಸ. ಕೆಲಸಕ್ಕೆ ಸೇರಿದ ಸ್ವಲ್ಪ ದಿನಗಳಲ್ಲಿಯೇ ಆತನಿಗೆ ದೇಹದ ಅಸ್ವಸ್ಥತೆಯೂ ಆರಂಭವಾಗಿತ್ತು. ಒಮ್ಮೆಯಂತೂ ತಿಂಗಳ ಕಾಲ ಕೆಲಸಕ್ಕೆ ಹೋಗಲಾಗಲಿಲ್ಲ. ಆ ಬಾಧೆ ಆತನನ್ನು ಕೊನೆಯವರೆಗೂ ಬಿಡಲಿಲ್ಲ.

ಬೋದೋ ಮಾಡಿದ ಕೆಲಸದಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಸರದಿ.

ಇದನ್ನು ಅಲಂಪುರದ ಮಕ್ಕಳಿಗೆ ತಿಳಿಸುವುದು ಬಹಳ ಸುಲಭ. ರಾಯಚೂರು ಜಿಲ್ಲೆಯ ರಾಜೋಳಿಬಂಡೆಯಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಕಟ್ಟೆ ಕಟ್ಟಿ, ಅಲ್ಲಿಂದ ತೆಗೆದ ಕಾಲುವೆಯ ನೀರನ್ನು ನಮ್ಮ ಹೊಲಗಳವರೆಗೆ ತಂದಿದ್ದಾರೆ. ಕಾಲುವೆ ಒಂದೇ, ಹೊಲಗಳು ಹಲವು. ಪ್ರತಿಯೊಂದು ಹೊಲಕ್ಕೂ ಬೇರೆ ಬೇರೆ ಕಾಲುವೆ ತೆಗೆಯಲು ಯಾರಿಂದಲೂ ಆಗುವುದಿಲ್ಲ. ಆದ್ದರಿಂದ ನೀರನ್ನು ಸರದಿಯ ಮೇಲೆ ಬಿಟ್ಟುಕೊಳ್ಳಬೇಕು. ಈಗ ಇವರ ಮಡೆ ತೆರೆ, ಆಮೇಲೆ ಅವರ ಮಡೆ ತೆರೆ. ಕಾಲುವೆಯ ಕೊನೆಯ ಊರುಗಳ ರೈತರಿಗೆ ಸರದಿಯ ಬೆಲೆ ಏನೆಂದು ನಾನು ಹೇಳಬೇಕಾಗಿಲ್ಲ. ಬೋದೋ ತಂತಿಗೆ ಮಾಡಿದ್ದೂ ಇದನ್ನೇ. ತಂತಿಯ ಎರಡು ತುದಿಗಳಲ್ಲಿಯೂ ಒಂದೊಂದು ಬಿಲ್ಲೆ, ಅದರ ಸುತ್ತ ಲೋಹದ ತುಂಡುಗಳು, ಅವುಗಳನ್ನು ಸವರುತ್ತ ತಿರುಗುವ ಒಂದು ಕುಂಚ. ಕುಂಚವು ಮೊದಲನೆಯ ಗುಮಾಸ್ತನ ತುಂಡುಗಳ ಮೇಲೆ ಇರುವಾಗ ತಂತಿ ಅವನದು, ಎರಡನೆಯವನ ಮೇಲೆ ಬಂದಾಗ ಅವನದು. ಹೀಗೆ ಒಂದು ಸುತ್ತಿನಲ್ಲಿ ಎಲ್ಲರ ಸರದಿಯೂ ಮುಗಿದು ಮತ್ತೆ ಮೊದಲಿಗೆ ಬರುತ್ತದೆ. ಆ ತುದಿಯ ಕುಂಚವೂ ಇದೇ ಹೊತ್ತಿಗೆ ಇದೇ ಜಾಗದಲ್ಲಿ ಇದ್ದರೆ, ಮೊದಲನೆಯವನ ಸುದ್ದಿ ಮೊದಲನೆಯ ಯಂತ್ರಕ್ಕೆ, ಎರಡನೆಯವನದು ಎರಡನೆಯದಕ್ಕೆ ಸೇರುತ್ತದೆ. ಸ್ವಲ್ಪ ಹಿಂದೆ ಮುಂದೆ ಆದರೂ ಒಬ್ಬರ ಮನೆಯ ಸಾವಿನ ಸುದ್ದಿ ಇನ್ನೊಬ್ಬರ ಮನೆಗೆ ಹೋಗುತ್ತದೆ. ನೂರಾರು ಕಿಲೋಮೀಟರು ದೂರದ ಎರಡು ಚಕ್ರಗಳನ್ನು ಒಂದೇ ಹೆಜ್ಜೆಯಲ್ಲಿ ನಡೆಸುವುದೇ ಈ ಯಂತ್ರದ ಕಷ್ಟದ ಕೆಲಸ. ಅದನ್ನು ಬೋದೋ ಸಾಧಿಸಿದನು. ಮೇಯರ್ ಎಂಬಾತನೂ ಆತನಿಗಿಂತ ಸ್ವಲ್ಪ ಮೊದಲೇ ಸರದಿಯ ಯಂತ್ರವೊಂದನ್ನು ಮಾಡಿದ್ದನೆಂಬುದನ್ನು ಇಲ್ಲಿ ಹೇಳಲೇಬೇಕು.

ಎರಡನೆಯ ಭಾಗ ಲಿಪಿ. ಸರದಿಯ ಮೇಲೆ ನೀರು ಬಿಡಬೇಕಾದರೆ ಎಲ್ಲರಿಗೂ ಸಮನಾದ ಹೊತ್ತು ಸಿಗಬೇಕು. ಮೋರ್ಸನ ಅಕ್ಷರಗಳಾದರೋ ಒಂದು ಗಿಡ್ಡ, ಒಂದು ಉದ್ದ. ಅವುಗಳಿಂದ ಸರದಿ ನಡೆಯದು. ಆದ್ದರಿಂದ ಬೋದೋ ಎಲ್ಲ ಅಕ್ಷರಗಳಿಗೂ ಸಮನಾಗಿ ಐದೈದು ಮನೆಗಳನ್ನು ಕೊಟ್ಟನು. ಪ್ರತಿಯೊಂದು ಮನೆಯಲ್ಲಿಯೂ ವಿದ್ಯುತ್ತು ಈ ಕಡೆಗೆ ಹರಿಯಬಹುದು ಅಥವಾ ಆ ಕಡೆಗೆ ಹರಿಯಬಹುದು, ಎರಡೇ ಬಗೆ. ಮೊದಲನೆಯ ಮನೆಗೆ ಎರಡು ಬಗೆ, ಎರಡು ಮನೆಗಳಿಗೆ ನಾಲ್ಕು, ಮೂರಕ್ಕೆ ಎಂಟು, ನಾಲ್ಕಕ್ಕೆ ಹದಿನಾರು, ಐದಕ್ಕೆ ಮೂವತ್ತೆರಡು. ಮೂವತ್ತೆರಡು ಜೋಡಣೆಗಳಲ್ಲಿ ಅವರ ವರ್ಣಮಾಲೆಯ ಅಕ್ಷರಗಳೆಲ್ಲ ಹಿಡಿದು ಇನ್ನೂ ಕೆಲವು ಉಳಿಯುತ್ತವೆ. ಅಂಕಿಗಳಿಗೆ ಏನು ಮಾಡಬೇಕು? ಉಳಿದವುಗಳಲ್ಲಿ ಎರಡನ್ನು ಸೂಚನೆಗೆಂದು ಇಟ್ಟುಕೊಂಡನು. ಒಂದು ಸೂಚನೆ ಬಂದರೆ ಮುಂದಿನವುಗಳನ್ನೆಲ್ಲ ಅಂಕಿಗಳೆಂದೂ, ಇನ್ನೊಂದು ಬಂದರೆ ಅಕ್ಷರಗಳೆಂದೂ ಓದಬೇಕು.

ಗುಮಾಸ್ತನ ಮುಂದೆ ಹಾರ್ಮೋನಿಯಮ್ಮಿನ ಮನೆಗಳಂತೆ ಐದೇ ಐದು ಕೀಲಿಗಳು: ಎಡಗೈಗೆ ಎರಡು, ಬಲಗೈಗೆ ಮೂರು. ಕನ್ನಡ ಮೇಷ್ಟ್ರಾದ ನನಗೆ ಇಲ್ಲಿ ಬಹಳ ಸಂತೋಷವಾದ ಒಂದು ಸಂಗತಿಯಿದೆ. ಬೋದೋ ತನ್ನ ಲಿಪಿಯನ್ನು ಸ್ವರ ವ್ಯಂಜನಗಳ ಭೇದ ನೋಡಿ ಜೋಡಿಸಿದ್ದನು. ಸ್ವರಗಳನ್ನು ಬಲಗೈಯ ಮೂರು ಕೀಲಿಗಳಿಂದಲೇ ಒತ್ತಬಹುದಾಗಿತ್ತು. ವ್ಯಂಜನಕ್ಕೆ ಮಾತ್ರ ಎಡಗೈಯೂ ಸೇರಬೇಕು. ಹಳ್ಳಿಯ ಶಾಲೆಯಲ್ಲಿ ಕಲಿತ ವರ್ಣಮಾಲೆ ವ್ಯರ್ಥವಾಗಲಿಲ್ಲ.

ಈ ಕೀಲಿಗಳನ್ನು ಬೇಕಾದಾಗ ಒತ್ತುವಂತಿರಲಿಲ್ಲ. ಕುಂಚ ತನ್ನ ಸರದಿಗೆ ಬರುವ ಹೊತ್ತಿಗೆ ಯಂತ್ರವು ಟಕ್ ಎಂದು ಸದ್ದು ಮಾಡುತ್ತಿತ್ತು. ಆ ತಾಳಕ್ಕೆ ಸರಿಯಾಗಿ ಐದು ಬೆರಳುಗಳೂ ಕೂಡಿ ಒತ್ತಬೇಕು. ಚಕ್ರವು ನಿಮಿಷಕ್ಕೆ 180 ಸುತ್ತು, ಅಂದರೆ ಸೆಕೆಂಡಿಗೆ ಮೂರು ಸುತ್ತು ತಿರುಗುವುದು. ಸೆಕೆಂಡಿಗೆ ಮೂರು ಅಕ್ಷರ, ನಿಮಿಷಕ್ಕೆ 180 ಅಕ್ಷರ, ಸುಮಾರು 30 ಪದ. ತಪ್ಪದೆ, ನಿಲ್ಲದೆ, ಗಂಟೆಗಟ್ಟಲೆ. ಭಜನೆಯಲ್ಲಿ ತಾಳ ಹಿಡಿದವರಿಗೆ ಈ ಕೆಲಸದ ದಣಿವು ಅರ್ಥವಾದೀತು. ಗುಮಾಸ್ತರು ಇದನ್ನು ಕಲಿಯಲು ಬಹಳ ಅಭ್ಯಾಸ ಮಾಡಬೇಕಾಗುತ್ತಿತ್ತು. ಆ ತುದಿಯಲ್ಲಿ ಐದು ವಿದ್ಯುತ್ಕಾಂತಗಳು ಐದು ಮನೆಗಳ ಸುದ್ದಿಯನ್ನು ಹಿಡಿದಿಟ್ಟುಕೊಂಡು, ಅಕ್ಷರವನ್ನು ಕಾಗದದ ಪಟ್ಟಿಯ ಮೇಲೆ ಅಚ್ಚು ಮಾಡುತ್ತಿದ್ದವು. ಕಿವಿಯಿಂದ ಕೇಳಿ ಬರೆದುಕೊಳ್ಳುವ ಕೆಲಸ ತಪ್ಪಿತು.

1874ರ ಜೂನ್ 17ರಂದು ಬೋದೋ ಈ ಯಂತ್ರಕ್ಕೆ ಹಕ್ಕುಪತ್ರ ಪಡೆದನು. ಮರುವರ್ಷ ಇಲಾಖೆ ಅದನ್ನು ಒಪ್ಪಿಕೊಂಡಿತು. 1877ರ ನವೆಂಬರ್ 12ರಂದು ಪ್ಯಾರಿಸ್ ಮತ್ತು ಬೋರ್ಡೋ ನಗರಗಳ ನಡುವೆ ಮೊದಲ ಪರೀಕ್ಷೆ ನಡೆಯಿತು. ಆ ವರ್ಷದ ಕೊನೆಗೆ ಪ್ಯಾರಿಸ್ಸಿನಿಂದ ರೋಮಿನವರೆಗೆ, ಸುಮಾರು 1700 ಕಿಲೋಮೀಟರು ಉದ್ದದ ತಂತಿಯಲ್ಲಿ ಯಂತ್ರ ಕೆಲಸ ಮಾಡತೊಡಗಿತು. 1878ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ವಿಶ್ವ ಪ್ರದರ್ಶನದಲ್ಲಿ ಅದಕ್ಕೆ ಚಿನ್ನದ ಪದಕ ಬಂದಿತು. ಹೊಲದಲ್ಲಿ ದುಡಿದ ಹುಡುಗ 1882ರ ಹೊತ್ತಿಗೆ ಇಲಾಖೆಯ ತನಿಖಾ ಎಂಜಿನಿಯರನಾದನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಕಥೆ ಚೆನ್ನಾಗಿರುತ್ತದೆ, ಆದರೆ ಪೂರ್ಣವಾಗುವುದಿಲ್ಲ. ಅದೇ ಇಲಾಖೆಯಲ್ಲಿ ಮಿಮೋ ಎಂಬ ಇನ್ನೊಬ್ಬ ನೌಕರನಿದ್ದನು. ಆತನೂ 1874ರಲ್ಲಿಯೇ ಐದು ತಂತಿಗಳಿಂದ ಐದು ಸಂಕೇತ ಕಳುಹಿಸುವ ಪದ್ಧತಿಗೆ ಹಕ್ಕುಪತ್ರ ಪಡೆದಿದ್ದನು. ಐದರ ಲಿಪಿ ತನ್ನದೆಂದು 1877ರಲ್ಲಿ ಆತ ಬೋದೋವಿನ ಮೇಲೆ ದಾವೆ ಹೂಡಿದನು. ನ್ಯಾಯಾಲಯ ಮೊದಲು ಮಿಮೋವಿನ ಪರವಾಗಿ ತೀರ್ಪು ಕೊಟ್ಟಿತು. ಮುಂದೆ ಆ ತೀರ್ಪು ರದ್ದಾಗಿ ಖರ್ಚೆಲ್ಲ ಮಿಮೋವಿನ ತಲೆಗೇ ಬಂದಿತು. ಆತನ ಮನಸ್ಸು ಕದಡಿಹೋಯಿತು. ಕೊನೆಗೆ ತನ್ನ ಬೇಡಿಕೆಗಳನ್ನು ತಳ್ಳಿಹಾಕಿದ ಸಮಿತಿಯಲ್ಲಿದ್ದ ರೇನೋ ಎಂಬ ಅಧಿಕಾರಿಯನ್ನು ಗುಂಡಿಟ್ಟು ಕೊಂದು, ಕಠಿಣ ಶಿಕ್ಷೆಗೆ ಗುರಿಯಾದನು. ಮಕ್ಕಳ ಪತ್ರಿಕೆಯಲ್ಲಿ ಇದನ್ನು ಬರೆಯಬೇಕೆ ಎಂದು ಯೋಚಿಸಿದೆ. ಆದರೆ ಒಂದು ಸಣ್ಣ ಲಿಪಿಯ ಹಿಂದೆ ಇಷ್ಟು ನೋವಿತ್ತೆಂಬುದನ್ನು ಮರೆಮಾಡುವುದು ಸರಿಯೆನಿಸಲಿಲ್ಲ.

ನಿಜ ನೋಡಿದರೆ ಐದು ಮನೆಗಳ, ಎರಡು ಬಗೆಗಳ ಲಿಪಿಯು ಅವರಿಬ್ಬರಲ್ಲಿ ಯಾರ ಸೊತ್ತೂ ಆಗಿರಲಿಲ್ಲ. ಹದಿನೇಳನೆಯ ಶತಮಾನದಲ್ಲಿಯೇ ಇಂಗ್ಲೆಂಡಿನ ಫ್ರಾನ್ಸಿಸ್ ಬೇಕನ್ ಗುಪ್ತಲಿಪಿಗಾಗಿ ಅಂಥದೊಂದನ್ನು ಸೂಚಿಸಿದ್ದನು. ಜರ್ಮನಿಯ ಗೌಸ್ ಮತ್ತು ವೇಬರ್ ಎಂಬ ವಿದ್ವಾಂಸರೂ ಅದನ್ನು ಆಲೋಚಿಸಿದ್ದರು. ಬೋದೋವಿನ ಹಿರಿಮೆ ಇರುವುದು ಲಿಪಿಯೊಂದರಲ್ಲಿಯೇ ಅಲ್ಲ. ಲಿಪಿ, ಸರದಿ, ಅಚ್ಚು ಈ ಮೂರನ್ನೂ ಕೂಡಿಸಿ, ದಿನದ ವ್ಯವಹಾರಕ್ಕೆ ಒದಗುವ ಯಂತ್ರವನ್ನಾಗಿ ಮಾಡಿದುದರಲ್ಲಿ.

ಆತನ ಮನೆಯ ಬದುಕು ಬಹಳ ಚಿಕ್ಕದು. 1890ರ ಜನವರಿ 15ರಂದು ಆತನಿಗೆ ಮದುವೆಯಾಯಿತು. ಆಗ ವಯಸ್ಸು ನಲವತ್ತನಾಲ್ಕು. ಅದೇ ವರ್ಷದ ಏಪ್ರಿಲ್ 9ರಂದು ಹೆಂಡತಿ ತೀರಿಕೊಂಡಳು. ಮೂರು ತಿಂಗಳೂ ತುಂಬಿರಲಿಲ್ಲ. ಮತ್ತೆ ಕಚೇರಿ, ಯಂತ್ರ, ಕಾಯಿಲೆ. ಇಟಲಿ, ಹಾಲೆಂಡ್, ಸ್ವಿಟ್ಜರ್ಲೆಂಡ್, ಬ್ರೆಜಿಲ್ ದೇಶಗಳು ಒಂದರ ನಂತರ ಒಂದು ಆತನ ಯಂತ್ರವನ್ನು ತರಿಸಿಕೊಂಡವು. ಮುಂದೆ ನಮ್ಮ ದೇಶದ ದೊಡ್ಡ ತಂತಿ ಕಚೇರಿಗಳಿಗೂ ಅದು ಬಂದಿತು. 1903ರ ಮಾರ್ಚ್ 28ರಂದು ಪ್ಯಾರಿಸ್ಸಿನ ಸಮೀಪದ ಸೋ ಎಂಬ ಊರಿನಲ್ಲಿ ಬೋದೋ ನಿಧನನಾದನು. ಆಗ ಆತನಿಗೆ ಐವತ್ತೇಳು ವರ್ಷ.

ಆತನ ಲಿಪಿ ಅಲ್ಲಿಗೇ ನಿಲ್ಲದೆ ಬೆಳೆಯಿತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಡೊನಾಲ್ಡ್ ಮರ್ರೆ ಎಂಬಾತನು ಅದನ್ನು ಬೆರಳಚ್ಚು ಯಂತ್ರದ ಕೀಲಿಗಳಿಗೆ ಹೊಂದಿಸಿದನು. ಅಂದಿನಿಂದ ಗುಮಾಸ್ತರಿಗೆ ತಾಳದ ಕಾಟ ತಪ್ಪಿ, ಟೆಲಿಪ್ರಿಂಟರು ಹುಟ್ಟಿತು. ನಮ್ಮಲ್ಲಿಯೇ ಅವುಗಳನ್ನು ತಯಾರಿಸಲು 1960ರಲ್ಲಿ ಮದರಾಸಿನಲ್ಲಿ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪಿತವಾಯಿತು. ಪತ್ರಿಕಾಲಯಗಳಲ್ಲಿ ಹಗಲಿರುಳು ಕಟಕಟ ಸದ್ದು ಮಾಡುತ್ತ ಸುದ್ದಿ ಕಕ್ಕುತ್ತಿದ್ದ ಯಂತ್ರಗಳು ಅವೇ.

ಇನ್ನು ಆ ಹುಡುಗನ ಪ್ರಶ್ನೆಗೆ ಬರೋಣ. ಬೇರೆ ಬೇರೆ ದೇಶಗಳ ತಂತಿ ಯಂತ್ರಗಳು ಬೇರೆ ಬೇರೆ ವೇಗದಲ್ಲಿ ಓಡುತ್ತಿದ್ದುದರಿಂದ ವೇಗಕ್ಕೆ ಒಂದು ಮಾನ ಬೇಕಾಯಿತು. 1926ರಲ್ಲಿ ಬರ್ಲಿನ್ನಿನಲ್ಲಿ ಸೇರಿದ ಅಂತಾರಾಷ್ಟ್ರೀಯ ತಂತಿ ಸಲಹಾ ಸಮಿತಿಯ ಸಭೆಯಲ್ಲಿ ಬೋದೋವಿನ ನೆನಪಿಗೆ ಆ ಮಾನಕ್ಕೆ ಬಾಡ್ ಎಂಬ ಹೆಸರು ಬಂದಿತು. ತಂತಿಯಲ್ಲಿ ಒಂದು ಸೆಕೆಂಡಿಗೆ ಎಷ್ಟು ಸಂಕೇತಗಳು ಹೋಗುತ್ತವೆಯೋ ಅಷ್ಟು ಬಾಡ್. ಬೋದೋವಿನ ಯಂತ್ರವನ್ನೇ ಅಳೆದು ನೋಡಿ. ನಾಲ್ವರು ಗುಮಾಸ್ತರು ಕುಳಿತಿದ್ದರೆ ಒಂದು ಸುತ್ತಿಗೆ ನಾಲ್ಕು ಅಕ್ಷರ, ಅಕ್ಷರಕ್ಕೆ ಐದರಂತೆ 20 ಸಂಕೇತ. ಸೆಕೆಂಡಿಗೆ ಮೂರು ಸುತ್ತು, ಅಂದರೆ 60 ಸಂಕೇತ. ಚಕ್ರಗಳನ್ನು ಸರಿಹೊಂದಿಸುವ ಸಂಕೇತಗಳನ್ನು ಬಿಟ್ಟರೆ ಇದು 60 ಬಾಡ್.

ಬಿಟ್ ಎಂಬುದು ಬೇರೆ. ಹೌದು ಅಥವಾ ಅಲ್ಲ ಎಂಬ ಒಂದು ಉತ್ತರಕ್ಕೆ ಒಂದು ಬಿಟ್ ಎನ್ನುತ್ತಾರೆ. ನೀವು ತುಂಗಭದ್ರೆಯ ಈ ದಡದಲ್ಲಿ ನಿಂತಿದ್ದೀರಿ, ಗೆಳೆಯ ಆ ದಡದಲ್ಲಿದ್ದಾನೆ, ಕೂಗಿದರೆ ಕೇಳಿಸದು ಎಂದು ಭಾವಿಸಿ. ಸೆಕೆಂಡಿಗೆ ಒಂದು ಸಲ ಬಿಳಿ ಅಥವಾ ಕೆಂಪು ಬಟ್ಟೆಯನ್ನು ಎತ್ತಿ ತೋರಿಸುತ್ತೀರಿ. ಬಿಳಿಯೆಂದರೆ ಅಲ್ಲ, ಕೆಂಪೆಂದರೆ ಹೌದು. ಒಂದು ಸಲ ಎತ್ತಿದರೆ ಒಂದು ಉತ್ತರ. ಇಲ್ಲಿ ಬಾಡ್ ಒಂದು, ಸೆಕೆಂಡಿಗೆ ಬಿಟ್ಟೂ ಒಂದು. ಈಗ ನಿಮ್ಮ ಬಳಿ ಬಿಳಿ, ಕೆಂಪು, ಹಸಿರು, ಹಳದಿ ಹೀಗೆ ನಾಲ್ಕು ಬಣ್ಣಗಳಿವೆ. ಸೆಕೆಂಡಿಗೆ ಎತ್ತುವುದು ಒಂದೇ ಸಲ. ಆದರೆ ಬಿಳಿಯೆಂದರೆ ಅಲ್ಲ ಅಲ್ಲ, ಕೆಂಪೆಂದರೆ ಅಲ್ಲ ಹೌದು, ಹಸಿರೆಂದರೆ ಹೌದು ಅಲ್ಲ, ಹಳದಿಯೆಂದರೆ ಹೌದು ಹೌದು ಎಂದು ಮಾತಾಡಿಕೊಂಡಿದ್ದರೆ, ಒಂದು ಸಲ ಕೈಯೆತ್ತಿದಾಗ ಎರಡು ಉತ್ತರಗಳು ನದಿ ದಾಟುತ್ತವೆ. ಬಾಡ್ ಒಂದೇ, ಬಿಟ್ ಎರಡು. ಎಂಟು ಬಣ್ಣಗಳಿದ್ದರೆ ಮೂರು ಬಿಟ್, ಹದಿನಾರಿದ್ದರೆ ನಾಲ್ಕು. ಬಣ್ಣಗಳು ಹೆಚ್ಚಾದಷ್ಟೂ ಆ ದಡದವನಿಗೆ ಕಣ್ಣು ಚುರುಕಾಗಿರಬೇಕು. ಮುಸ್ಸಂಜೆಯಲ್ಲಿ ಹಳದಿಗೂ ಬಿಳಿಗೂ ಭೇದ ಕಾಣದೆ ಹೋದರೆ ಸುದ್ದಿ ಕೆಟ್ಟಿತು. ಗದ್ದಲದ ಟೆಲಿಫೋನ್ ತಂತಿಯಲ್ಲಿಯೂ ಹೀಗೆಯೇ ಆಗುತ್ತದೆ.

ಆದ್ದರಿಂದ ಬಾಡನ್ನು ಬಿಟ್‌ಗೆ ತಿರುಗಿಸಬೇಕಾದರೆ ಒಂದು ಸಂಕೇತ ಎಷ್ಟು ಬಿಟ್ ಹೊರುತ್ತದೆಂದು ತಿಳಿದು, ಅದರಿಂದ ಗುಣಿಸಬೇಕು. ಬೋದೋವಿನ ಯಂತ್ರದಲ್ಲಿ ಬಗೆಗಳು ಎರಡೇ ಆದುದರಿಂದ 60 ಬಾಡ್ ಎಂದರೆ ಸೆಕೆಂಡಿಗೆ 60 ಬಿಟ್ಟೇ ಸರಿ. ಮೊದಮೊದಲಿನ ಮೋಡೆಮುಗಳಲ್ಲಿಯೂ 300 ಬಾಡ್‌ಗೆ 300 ಬಿಟ್. ಗೊಂದಲ ಹುಟ್ಟಿದ್ದು ಇಲ್ಲಿಯೇ. ಎರಡೂ ಅಂಕಿ ಒಂದೇ ಆಗಿದ್ದುದರಿಂದ ಜನ ಎರಡೂ ಪದ ಒಂದೇ ಎಂದುಕೊಂಡರು. ಮುಂದೆ ಬಂದ ಮೋಡೆಮುಗಳಲ್ಲಿ 600 ಬಾಡ್, ಸಂಕೇತಕ್ಕೆ ನಾಲ್ಕು ಬಿಟ್, ಒಟ್ಟು ಸೆಕೆಂಡಿಗೆ 2400 ಬಿಟ್. ಆ ಹುಡುಗನ ಪುಸ್ತಕದ 9600 ಬಿಟ್ಟಿನ ಮೋಡೆಮು ಅಂತಾರಾಷ್ಟ್ರೀಯ ಕ್ರಮದ್ದಾಗಿದ್ದರೆ ಅದರ ವೇಗ 2400 ಬಾಡ್ ಮಾತ್ರ, ಸಂಕೇತಕ್ಕೆ ನಾಲ್ಕು ಬಿಟ್. ಪುಸ್ತಕದ ಎರಡು ಪುಟಗಳಲ್ಲಿ ಒಂದು ತಪ್ಪಾಗಿತ್ತು. ಆ ಹುಡುಗ ಸುಮ್ಮನೆ ಉರುಹೊಡೆಯದೆ ಬಂದು ಕೇಳಿದ್ದರಿಂದ ನಾವಿಬ್ಬರೂ ಬಚಾವಾದೆವು.

ಇನ್ನೊಂದು ಸೂಕ್ಷ್ಮವಿದೆ. ಟೆಲಿಪ್ರಿಂಟರು 50 ಬಾಡ್ ವೇಗದಲ್ಲಿ ಓಡುತ್ತಿತ್ತು. ಒಂದು ಸಂಕೇತಕ್ಕೆ ಸೆಕೆಂಡಿನ ಐವತ್ತರಲ್ಲಿ ಒಂದು ಭಾಗ. ಆದರೆ ಅಲ್ಲಿ ಅಕ್ಷರದ ಐದು ಸಂಕೇತಗಳ ಮುಂದೆ ಆರಂಭದ ಒಂದು ಸಂಕೇತ, ಹಿಂದೆ ಮುಕ್ತಾಯದ ಒಂದೂವರೆ, ಒಟ್ಟು ಏಳೂವರೆ ಆಗುತ್ತಿತ್ತು. ಮನೆಗೆ ಮುಂಬಾಗಿಲೂ ಹಿತ್ತಿಲ ಬಾಗಿಲೂ ಇದ್ದಂತೆ. ಹಾಗಾಗಿ 50 ಬಾಡ್ ಓಡಿದರೂ ನಿಮಿಷಕ್ಕೆ 400 ಅಕ್ಷರ, ನಿಜವಾದ ಸುದ್ದಿ ಸೆಕೆಂಡಿಗೆ 33 ಬಿಟ್ಟಿನಷ್ಟೇ.

ಪೋಷಕರಿಗೂ ಒಂದು ಮಾತು. ಮನೆಗೆ ಇಂಟರ್ನೆಟ್ ಹಾಕಿಸುವಾಗ 100 ಮೆಗಾಬಿಟ್ ವೇಗವೆಂದು ಹೇಳುತ್ತಾರೆ. ಮೊಬೈಲಿನಲ್ಲಿ ಸಿನಿಮಾ ಇಳಿಸುವಾಗ ಹನ್ನೆರಡು ಚಿಲ್ಲರೆ ಎಂದು ಕಾಣಿಸುತ್ತದೆ. ಮೋಸವೆಂದು ಜಗಳಕ್ಕೆ ಹೋಗಬೇಡಿ. ಮೊದಲನೆಯದು ಬಿಟ್ಟಿನ ಲೆಕ್ಕ, ಎರಡನೆಯದು ಬೈಟಿನ ಲೆಕ್ಕ. ಎಂಟು ಬಿಟ್ ಕೂಡಿದರೆ ಒಂದು ಬೈಟ್. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅದಕ್ಕಿಂತ ಬಹಳ ಕಡಿಮೆ ಬಂದರೆ ಆಗ ಕೇಳಿರಿ.

ಬೋದೋವಿನ ಮೂವತ್ತೆರಡು ಜೋಡಣೆಗಳಲ್ಲಿ ನಮ್ಮ ನಲವತ್ತೊಂಬತ್ತು ಅಕ್ಷರಗಳಿಗೆ ಜಾಗವಿರಲಿಲ್ಲ. ಇಂದಿನ ಯೂನಿಕೋಡ್ ಎಂಬ ಜಗತ್ತಿನ ಒಪ್ಪಂದದಲ್ಲಿ ಕನ್ನಡಕ್ಕೆಂದೇ 128 ಮನೆಗಳನ್ನು ಕಾಯ್ದಿರಿಸಿದ್ದಾರೆ. ತೆಲುಗಿಗೂ ಅಷ್ಟೇ, ಪಕ್ಕದ ಮನೆಯೇ. ಮನೆಯಲ್ಲಿ ಒಂದು ಲಿಪಿ, ಬಸ್ಸಿನ ಹಲಗೆಯಲ್ಲಿ ಇನ್ನೊಂದು ಲಿಪಿ ಓದುವ ನಮ್ಮ ಮಕ್ಕಳಿಗೆ ಒಂದೇ ಧ್ವನಿಯನ್ನು ಎರಡು ಸಂಕೇತಗಳಲ್ಲಿ ಬರೆಯುವುದು ಹೊಸದೇನಲ್ಲ.

ಕೊನೆಯ ದಿನ ಆ ಹುಡುಗನಿಗೆ ಕರಿಹಲಗೆಯ ಮೇಲೆ ನಮ್ಮ ಊರಿನ ಹೆಸರನ್ನು ಲೆಕ್ಕ ಹಾಕಲು ಹೇಳಿದೆನು. ನವಬ್ರಹ್ಮ ದೇಗುಲಗಳ ನೆರಳಿನಲ್ಲಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳನ್ನು ಕಂಡ ಮಕ್ಕಳು ಅವರು. ಇಂಗ್ಲಿಷಿನಲ್ಲಿ ಬರೆದರೆ ಅಲಂಪುರಕ್ಕೆ ಏಳು ಅಕ್ಷರ. ಬೋದೋವಿನ ಲಿಪಿಯಲ್ಲಿ 35 ಸಂಕೇತ. ಟೆಲಿಪ್ರಿಂಟರಿನಲ್ಲಿ ಬಾಗಿಲುಗಳೂ ಸೇರಿ ಐವತ್ತೆರಡೂವರೆ, ಅಂದರೆ ಒಂದು ಸೆಕೆಂಡಿಗೆ ಸ್ವಲ್ಪ ಹೆಚ್ಚು. ಕನ್ನಡದಲ್ಲಿ ಬರೆದರೆ ಅ, ಲ, ಸೊನ್ನೆ, ಪ, ಕೊಂಬು, ರ, ಒಟ್ಟು ಆರು ಗುರುತುಗಳು. ಇಂದು ಸಾಮಾನ್ಯವಾಗಿ ಬಳಸುವ ಕ್ರಮದಲ್ಲಿ ಗುರುತಿಗೆ ಮೂರು ಬೈಟ್, 24 ಬಿಟ್. ಆರು ಗುರುತುಗಳಿಗೆ 144 ಬಿಟ್. ಅವನು ಸೀಮೆಸುಣ್ಣ ಹಿಡಿದು, 144ನ್ನು ಸೆಕೆಂಡಿಗೆ ಹತ್ತು ಕೋಟಿ ಬಿಟ್ಟಿನ ವೇಗದಿಂದ ಭಾಗಿಸಿ, ದಶಮಾಂಶದ ಮುಂದೆ ಸೊನ್ನೆಗಳನ್ನು ಎಣಿಸುತ್ತಿರುವಾಗಲೇ ಗಂಟೆ ಹೊಡೆಯಿತು.